ಒಂದು ಗೋಡೆ, ಎರಡು ಚೀಟಿ

ಮುರಿದದ್ದು ಕನ್ನಡಕದ ಎಡಗಡೆಯ ಕಡ್ಡಿ. ಮುರಿದು ನಾಲ್ಕು ದಿನವಾಗಿತ್ತು. ಗಂಡನದೇ ಕನ್ನಡಕದ ಅಂಗಡಿ. ಊರಿನ ಅರ್ಧ ಮೂಗುಗಳ ಅಳತೆ ಅವನಿಗೆ ಬಾಯಿಪಾಠ. ಆದರೆ ಹೆಂಡತಿಯ ಕನ್ನಡಕ ಮಾತ್ರ ಅಡುಗೆಮನೆಯ ಕಿಟಕಿಯ ಕಟ್ಟೆಯಲ್ಲಿ ಕಾಲು ಮುರಿದ ಮಿಡತೆಯ ಹಾಗೆ ಬಿದ್ದುಕೊಂಡಿತ್ತು. ಕೇಳಿದಾಗಲೆಲ್ಲ ‘ನಾಳೆ ತಗೊಂಡು ಹೋಗ್ತೀನಿ’ ಎನ್ನುತ್ತಿದ್ದ. ಭಾನುವಾರ ಬೆಳಿಗ್ಗೆ ಕಲಾಮೇಳಕ್ಕೆ ಹೊರಡುವ ಹೊತ್ತಿಗೆ ಅವಳು ಕೇಳುವುದನ್ನೇ ಬಿಟ್ಟು, ಬಿಸಿಲಿಗೆಂದು ಮಾಡಿಸಿದ್ದ ಪವರಿನ ಕಪ್ಪು ಕನ್ನಡಕ ಏರಿಸಿಕೊಂಡು ಬಾಗಿಲಲ್ಲಿ ನಿಂತಳು.

“ಇದೇನೇ, ಒಳಗಡೆ ಓಡಾಡೋಕೆ ಇದಾ?” ಎಂದ ಗಂಡ.

“ಇನ್ನೊಂದಕ್ಕೆ ಒಂದೇ ಕಿವಿ.”

“ಟೇಪ್ ಹಾಕಿ ಕೊಡ್ತಿದ್ದೆ.”

“ಟೇಪ್ ಹಾಕ್ಕೊಂಡು ಓಡಾಡಿದ್ರೆ ನಿಮ್ಮ ಅಂಗಡಿ ಮಾನ ಹೋಗುತ್ತೆ. ನಡೀರಿ.”

ಹತ್ತೊಂಬತ್ತು ವರ್ಷದಿಂದ ಅವರು ಈ ಮೇಳವನ್ನು ತಪ್ಪಿಸಿರಲಿಲ್ಲ. ಕೊಳ್ಳುವುದಕ್ಕಲ್ಲ. ಕೊಳ್ಳುವವರು ಬರುವುದು ಗುರುವಾರ, ಬೇರೆ ಬಾಗಿಲಿನಿಂದ, ಕೈಯಲ್ಲಿ ಉದ್ದ ಕಾಲಿನ ಗಾಜಿನ ಲೋಟ ಹಿಡಿದುಕೊಂಡು. ಭಾನುವಾರ ಬರುವವರು ಕಾಲು ನೋಯಿಸಿಕೊಳ್ಳಲು ಬರುವವರು. ಬೇರೆ ದಿನಗಳಲ್ಲಿ ಟ್ರ್ಯಾಕ್ಟರು, ನೀರಿನ ಪಂಪು ಪ್ರದರ್ಶನಕ್ಕೆ ನಿಲ್ಲಿಸುವ ಅದೇ ದೊಡ್ಡ ಹಜಾರದಲ್ಲಿ ಬಿಳಿ ಹಲಗೆಗಳ ಗೋಡೆ ಎಬ್ಬಿಸಿ, ಸಾಲುಸಾಲಾಗಿ ಮಳಿಗೆ ಮಾಡಿ, ಪ್ರತಿ ಮಳಿಗೆಗೂ ಒಂದು ಸಂಖ್ಯೆ ಕೊಟ್ಟಿರುತ್ತಿದ್ದರು. ಟಿಕೆಟ್ಟಿನ ಜೊತೆ ಒಂದು ನಕ್ಷೆ. ನಕ್ಷೆಯಲ್ಲಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಶೌಚಾಲಯ.

ಗಂಡಹೆಂಡಿರ ಆಟ ಶುರುವಾದದ್ದು ಮದುವೆಯಾದ ವರ್ಷ. ಆಗ ಇದ್ದದ್ದು ಒಂದೇ ಕೋಣೆಯ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆದರೆ ಮನೆಯೊಡತಿ ಕೆಳಗಿನಿಂದ ಕೆಮ್ಮುತ್ತಿದ್ದಳು. ‘ಮೊಳೆ ಹೊಡೀಬಹುದಾದ ಒಂದು ಗೋಡೆ ನಮಗಿದ್ದಿದ್ರೆ, ಇಲ್ಲಿರೋದ್ರಲ್ಲಿ ಯಾವುದನ್ನ ತೂಗು ಹಾಕ್ತಿದ್ವಿ?’ ಎಂದು ಅವಳು ಕೇಳಿದ್ದಳು. ಬಾಯಿಬಿಟ್ಟು ಹೇಳುವುದು ಬೇಡ, ಬರೆಯೋಣ ಎಂದವನು ಅವನು. ಅಲ್ಲಿಂದ ನಿಯಮಗಳು ಬೆಳೆದವು. ನೋಡುವಾಗ ಹೊಗಳಬಾರದು, ಬೆರಳು ಮಾಡಿ ತೋರಿಸಬಾರದು. ಪೂರ್ತಿ ಸುತ್ತಿ ಮುಗಿದ ಮೇಲೆ ಟಿಕೆಟ್ಟಿನ ಹಿಂದೆ ಮಳಿಗೆಯ ಸಂಖ್ಯೆ, ಕೃತಿಯ ಗುರುತು ಬರೆದು ಮಡಚುವುದು. ಕಾಫಿ ಕೌಂಟರಿನಲ್ಲಿ ಕೂತು ಚೀಟಿ ಅದಲುಬದಲು ಮಾಡುವುದು.

ಮೊದಲ ವರ್ಷವೇ ಎರಡು ಚೀಟಿಯಲ್ಲೂ ಒಂದೇ ಕೃತಿ. ಹತ್ತೊಂಬತ್ತು ಸಲದಲ್ಲಿ ಹನ್ನೊಂದು ಸಲ ಹಾಗಾಗಿತ್ತು. ಏನಿಲ್ಲವೆಂದರೂ ಸಾವಿರದ ಮೇಲೆ ಕೃತಿಗಳಿರುವ ಜಾಗದಲ್ಲಿ, ಇಬ್ಬರು ಮನುಷ್ಯರು, ಹನ್ನೊಂದು ಸಲ. ಅವಳು ಹೈಸ್ಕೂಲಿನ ಲೆಕ್ಕದ ಟೀಚರು. ಚೀಲದಿಂದ ಕೆಂಪು ಚೆಂಡು ಬರುವ ಸಂಭವ ಎಷ್ಟು ಎಂದು ಮಕ್ಕಳನ್ನು ಗೋಳುಹೊಯ್ದುಕೊಂಡೇ ಇಪ್ಪತ್ತು ವರ್ಷ ಸಂಬಳ ಎಣಿಸಿದವಳು. ಈ ಒಂದು ಲೆಕ್ಕವನ್ನು ಮಾತ್ರ ಅವಳು ಬಿಡಿಸಲು ಹೋಗಿರಲಿಲ್ಲ. ತನಗೆ ತಾನೇ ವಿನಾಯಿತಿ ಕೊಟ್ಟುಕೊಂಡಿದ್ದಳು.

ಉಳಿದ ಮುನ್ನೂರ ಅರವತ್ತನಾಲ್ಕು ದಿನ ಅವರ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ನೀರಿನ ಬಿಲ್ಲು, ಅತ್ತೆಯ ಮಂಡಿ, ಪಕ್ಕದವರು ಕಾರು ನಿಲ್ಲಿಸುವ ರೀತಿ. ಅದರಾಚೆಗೆ ಏನು ಹೇಳಿದರೂ ಅವನ ಉತ್ತರ ‘ಹೂಂ’. ಸಿಟ್ಟಿನ ಹೂಂ ಅಲ್ಲ, ಪ್ರೀತಿಯ ಹೂಂ ಕೂಡ ಅಲ್ಲ. ಗಿರಾಕಿಯೊಬ್ಬರು ತಮ್ಮ ತಲೆನೋವಿನ ಚರಿತ್ರೆ ಹೇಳುವಾಗ ಲೆನ್ಸ್ ಬದಲಿಸುತ್ತ ಹಾಕುವ ಹೂಂ. ಅವಳು ಅದಕ್ಕೆ ಒಗ್ಗಿಕೊಂಡಿದ್ದಳೆಂದರೆ ಕಾರಣ ಆರನೆಯ ವರ್ಷದ ಚೀಟಿ. ಆ ವರ್ಷ ಐದು ತಿಂಗಳು ತುಂಬಿದ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡು ತಿಂಗಳ ನಂತರ ಇದೇ ಹಜಾರದಲ್ಲಿ, ಅಂಗೈ ಅಗಲದ ಒಂದು ಪೆನ್ಸಿಲ್ ಚಿತ್ರ: ಮಡಚಿಟ್ಟ ಒಂದು ಚಿಕ್ಕ ಕಂಬಳಿ, ಅಷ್ಟೇ. ಅವಳು ಅದನ್ನು ಬರೆದಳು. ಅವನ ಚೀಟಿ ಬಿಡಿಸಿದರೆ ಅದರಲ್ಲೂ ಅದೇ. ಅವಳು ಕಾಫಿ ಕೌಂಟರಿನಲ್ಲೇ ಅತ್ತಳು. ಬಾಯಲ್ಲಿ ಬಾರದ್ದು ಈ ಮನುಷ್ಯನಿಗೆ ಬೇರೆ ದಾರಿಯಲ್ಲಿ ಬರುತ್ತದೆ ಎಂದುಕೊಂಡಳು. ಆ ಒಂದು ಚೀಟಿಯ ಮೇಲೆ ಹದಿನಾಲ್ಕು ವರ್ಷ ಸಂಸಾರ ಮಾಡಿದ್ದಳು.

ಆದರೆ ಕಳೆದ ಮೂರು ವರ್ಷ ಚೀಟಿಗಳು ಹೊಂದಿಕೆಯಾಗಿರಲಿಲ್ಲ. ಈಗ ಅವಳ ಕೈಚೀಲದಲ್ಲಿ, ಮೊಬೈಲಿನೊಳಗೆ, ಅವನಿಗೆ ಹೇಳದ ಒಂದು ಕಾಗದವಿತ್ತು. ರೈಲಿನಲ್ಲಿ ಆರು ತಾಸು ದೂರದ ಒಂದು ಹೆಣ್ಣುಮಕ್ಕಳ ವಸತಿ ಶಾಲೆ ಅವಳನ್ನು ಮುಖ್ಯೋಪಾಧ್ಯಾಯಿನಿಯಾಗಿ ಕರೆದಿತ್ತು. ಸೋಮವಾರ ಮಧ್ಯಾಹ್ನದೊಳಗೆ ಹೌದು ಅಥವಾ ಇಲ್ಲ ಹೇಳಬೇಕು. ಅಂಗಡಿ ಬಿಟ್ಟು ಅವನು ಬರುವುದು ಸಾಧ್ಯವಿರಲಿಲ್ಲ. ಹೋದರೆ ಒಬ್ಬಳೇ ಹೋಗುವುದು, ಮತ್ತು ಹಾಗೆ ಹೋದವರು ರಜೆಗೆ ಮಾತ್ರ ಬರುತ್ತಾರೆ, ಆಮೇಲೆ ರಜೆಗೂ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಎರಡು ವಾರ ತೂಗಿ, ಕೊನೆಗೆ ಮಕ್ಕಳಿಗೆ ಹೇಳಿದರೆ ನಗುವಂಥ ತೀರ್ಮಾನಕ್ಕೆ ಬಂದಿದ್ದಳು. ಇಂದು ಚೀಟಿ ಹೊಂದಿದರೆ ಇಲ್ಲ ಎಂದು ಬರೆಯುವುದು. ಹೊಂದದಿದ್ದರೆ ಹೊರಡುವುದು.

ಒಳಗೆ ಕಾಲಿಟ್ಟ ಕೂಡಲೇ ಕಪ್ಪು ಕನ್ನಡಕದ ಮಹಿಮೆ ತಿಳಿಯಿತು. ಹತ್ತೊಂಬತ್ತು ವರ್ಷ ಯಾರೂ ತಿರುಗಿ ನೋಡದಿದ್ದ ಅವಳನ್ನು ಮೂರನೇ ಮಳಿಗೆಯ ಸೂಟಿನ ಯುವಕ ಓಡಿಬಂದು ಎದುರುಗೊಂಡ.

“ಮೇಡಂ, ನಮ್ಮ ಒಳಗಿನ ಕೋಣೆ ನೋಡಿಲ್ಲ ನೀವು. ಅದನ್ನ ಎಲ್ರಿಗೂ ತೋರಿಸಲ್ಲ.”

“ಯಾಕೆ, ಕ್ಲೀನ್ ಮಾಡಿಲ್ವಾ?” ಎಂದಳು.

ಯುವಕ ಇದನ್ನು ದೊಡ್ಡವರ ಹಾಸ್ಯವೆಂದು ಸ್ವೀಕರಿಸಿ ಸಣ್ಣಗೆ ನಕ್ಕ. “ಇವರು?” ಎಂದು ಗಂಡನ ಕಡೆ ನೋಡಿದ.

“ನನ್ನ ಕಣ್ಣಿನ ಸಲಹೆಗಾರರು.”

ಗಂಡ ನಗಲಿಲ್ಲ. “ಅದನ್ನ ತೆಗೆದುಬಿಡೇ,” ಎಂದ, ಯುವಕ ಸರಿದ ಮೇಲೆ. “ಬಣ್ಣವೆಲ್ಲ ಕಂದು ಕಾಣುತ್ತೆ ಅದರಲ್ಲಿ. ಪಾಪ, ಬರೆದವರು ಕಷ್ಟಪಟ್ಟಿರ್ತಾರೆ.”

“ತೆಗೆದ್ರೆ ಬಣ್ಣ ಕಾಣುತ್ತೆ, ಗೋಡೆ ಕಾಣಲ್ಲ. ಹೋಗಿ ಡಿಕ್ಕಿ ಹೊಡೀಲಾ?”

ಹತ್ತು ಮಳಿಗೆ ದಾಟುವುದರೊಳಗೆ ಅವನು ಇದನ್ನು ನಾಲ್ಕು ಸಲ ಹೇಳಿದ. ಕಣ್ಣಿಗೆ ಆಯಾಸವಾಗುತ್ತದೆ ಎಂದ. ಒಳಗೆ ಹಾಕಿಕೊಂಡರೆ ತಲೆನೋವು ಎಂದ. ಜನ ನೋಡುತ್ತಿದ್ದಾರೆ ಎಂದ. ವರ್ಷವಿಡೀ ‘ಹೂಂ’ನಲ್ಲಿ ಮುಗಿಸುವವನು ಇಷ್ಟೊಂದು ವಾಕ್ಯಗಳನ್ನು ಖರ್ಚು ಮಾಡುವುದನ್ನು ಕೇಳಿ ಅವಳಿಗೆ ಮೊದಲು ಕಿರಿಕಿರಿಯಾಯಿತು, ಆಮೇಲೆ ಮನಸ್ಸು ಒಂದು ಚೂರು ಮೆತ್ತಗಾಯಿತು. ಕಾಳಜಿಯೇ ಇರಬೇಕು. ನಾಲ್ಕು ದಿನ ರಿಪೇರಿ ಮಾಡದ ಪಶ್ಚಾತ್ತಾಪ.

ಹದಿನೆಂಟನೇ ಮಳಿಗೆಯಲ್ಲಿ ಅವಳ ಕೃತಿ ಸಿಕ್ಕಿತು. ಸಣ್ಣ ತೈಲಚಿತ್ರ. ತೊಳೆಯುವ ತೊಟ್ಟಿಯ ಪಕ್ಕ ಬೋರಲು ಹಾಕಿದ ಎರಡು ಗಾಜಿನ ಲೋಟ. ಒಂದರ ಕೆಳಗೆ ಇನ್ನೂ ನೀರಿನ ಉಂಗುರ, ಇನ್ನೊಂದರ ಕೆಳಗೆ ಒಣಗಿದೆ. ಇಷ್ಟವಾದದ್ದು ಗೊತ್ತಾಗಬಾರದೆಂದು ಅವಳು ಮುಖ ಗಂಟಿಕ್ಕಿಕೊಂಡೇ ನಿಂತು ನೋಡಿದಳು. ಅವನಿಗೂ ಇದು ಹಿಡಿಸುವಂಥದ್ದು, ಮನೆಯದ್ದು, ಸುಲಭದ್ದು ಎಂದುಕೊಂಡಳು. ಪ್ರಶ್ನೆಪತ್ರಿಕೆ ಬರೆಯುವಾಗ ಕೊನೆಯ ಬೆಂಚಿನವರಿಗೆಂದು ಒಂದು ಸುಲಭದ ಪ್ರಶ್ನೆ ಇಡುತ್ತಾರಲ್ಲ, ಹಾಗೆ. ಪಕ್ಕಕ್ಕೆ ತಿರುಗಿದರೆ ಅವನು ಲೋಟಗಳನ್ನಲ್ಲ, ಅವಳ ಕನ್ನಡಕದ ಕಪ್ಪನ್ನು ನೋಡುತ್ತಿದ್ದ.

“ಏನ್ರೀ?”

“ಏನಿಲ್ಲ. ಮುಂದೆ ಹೋಗೋಣ.”

ಅರವತ್ತೆರಡನೇ ಮಳಿಗೆಯಲ್ಲಿ ಒಂದೇ ವಸ್ತುವಿತ್ತು: ಮನುಷ್ಯರ ಕೂದಲಿನಿಂದ ನೇಯ್ದ ಒಂದು ಸೋಫಾ. ಮೂರು ಜನ ಕೂರಬಹುದಾದದ್ದು. ಕೈಯಾನಿಕೆಯ ಹತ್ತಿರ ಜಡೆಗಳು, ಕೂರುವಲ್ಲಿ ಗುಂಗುರು. ಕಂಡ ಕೂಡಲೇ ಅವಳಿಗೆ ಬಚ್ಚಲಿನ ಜಾಲರಿ ನೆನಪಾಯಿತು; ಒಂದು ಹೆಜ್ಜೆ ಹಿಂದೆ ಸರಿದಳು. ಪಕ್ಕದಲ್ಲಿ ನಿಂತಿದ್ದ ಮಳಿಗೆಯ ಹುಡುಗಿ ಯಾರೋ ಕೀಲಿ ಕೊಟ್ಟ ಗೊಂಬೆಯ ಹಾಗೆ ಹೇಳತೊಡಗಿದಳು: “ಇದು ವಿಶ್ರಾಂತಿಯ ಹಿಂಸೆಯನ್ನ ಪ್ರಶ್ನಿಸುತ್ತೆ.”

“ಕೂತ್ಕೋಬಹುದಾ?” ಎಂದ ಗಂಡ, ಕಾಲು ನೋಯುತ್ತಿತ್ತು.

“ಕೂತ್ರೆ ಪ್ರಶ್ನೆ ಹೋಗಿಬಿಡುತ್ತೆ ಸರ್.”

ಅಷ್ಟರಲ್ಲಿ ಅವಳ ಮೊಬೈಲು ಗುಂಯ್ ಎಂದಿತು. ಕಪ್ಪು ಗಾಜಿನೊಳಗಿಂದ ತೆರೆ ಓದಲಾಗದೆ ಕನ್ನಡಕವನ್ನು ತಲೆಯ ಮೇಲೆ ಏರಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದಳು. ವಸತಿ ಶಾಲೆಯ ಗುಮಾಸ್ತೆ ಕಳಿಸಿದ ಫೋಟೋ. ‘ಮೇಡಂ, ನಿಮಗೆ ಕೊಡುವ ಕ್ವಾರ್ಟರ್ಸು. ಸುಣ್ಣ ಆಗಿದೆ.’ ಉದ್ದನೆಯ ಕೋಣೆ. ಎರಡು ಕಿಟಕಿ, ಎರಡಕ್ಕೂ ಪರದೆಯಿಲ್ಲ. ಒಂದು ಮೇಜು, ಒಂದು ಕುರ್ಚಿ. ಮೇಜಿನ ಮೇಲೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಿತ್ತು.

ಮೊಬೈಲನ್ನು ಚೀಲಕ್ಕೆ ಹಾಕಿ ತಲೆಯೆತ್ತಿದಳು. ಕನ್ನಡಕ ಇಳಿಸುವುದು ಮರೆತುಹೋಯಿತು. ಎದುರಿಗಿದ್ದ ಸೋಫಾ ಕಂದು ಮಬ್ಬಾಗಿ ಕರಗಿ, ಅಲ್ಲಿ ಆ ಕೋಣೆ ನಿಂತಿತು. ಮನಸ್ಸಿನಲ್ಲೇ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿದಳು. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಇಟ್ಟಳು. ಯಾರೂ ಕೆಮ್ಮಲಿಲ್ಲ, ಯಾರೂ ಹೂಂ ಎನ್ನಲಿಲ್ಲ. ಎಷ್ಟು ಹೊತ್ತು ನಿಂತಿದ್ದಳೋ, ಕೀಲಿಗೊಂಬೆಯಂಥ ಹುಡುಗಿ ಮತ್ತೆ “ಇದು ವಿಶ್ರಾಂತಿಯ” ಎಂದು ಶುರುಮಾಡಿದಾಗ ಬೆಚ್ಚಿ ಕನ್ನಡಕ ಇಳಿಸಿದಳು. ಗಂಡ ಪಕ್ಕದಲ್ಲೇ ಇದ್ದ. ಅವನ ಮುಖ ಬಿಡುಗಡೆಯಾದವರ ಮುಖದ ಹಾಗೆ ಹಗುರವಾಗಿತ್ತು. ಅಲ್ಲಿಂದ ಮುಂದೆ ಅವನು ಕನ್ನಡಕದ ಮಾತೆತ್ತಲಿಲ್ಲ. ಉಳಿದ ಮಳಿಗೆಗಳನ್ನು ಬಸ್ಸಿಗೆ ಹೊತ್ತಾದವನ ಹಾಗೆ ದಾಟಿಸಿದ.

ಕಾಫಿ ಕೌಂಟರಿನ ಮೂಲೆಯಲ್ಲಿ ಎರಡು ಕುರ್ಚಿಯ ಮೇಜು ಸಿಕ್ಕಿತು. ಅವನು ಎರಡು ಕಾಗದದ ಲೋಟ ತಂದಿಟ್ಟ. ಇಬ್ಬರೂ ಒಬ್ಬರಿಗೊಬ್ಬರು ಅಂಗೈ ಅಡ್ಡ ಹಿಡಿದು ಬರೆದರು. ಅವಳು ಬರೆದದ್ದು: ಹದಿನೆಂಟು, ಎರಡು ಲೋಟ. ಮಡಚಿದಳು. ಅವನ ಚೀಟಿ ತೆಗೆದುಕೊಂಡಳು.

‘೬೨. ಸೋಫಾ.’

ಅವಳು ಅದನ್ನು ತಿರುಗಿಸಿ ಟಿಕೆಟ್ಟಿನ ಮುಂಭಾಗವನ್ನೂ ನೋಡಿದಳು, ಬೇರೆ ಯಾರದೋ ಬಂತೇನೋ ಎಂಬಂತೆ.

“ಇದೇನ್ರೀ ಇದು.”

ಅವನು ಅವಳ ಚೀಟಿ ಬಿಡಿಸಿದ್ದ. ಅವನ ಮುಖದಲ್ಲಿ ನಿರಾಸೆಯಲ್ಲ, ತಕರಾರು ಇತ್ತು. ಲೆನ್ಸ್ ಸರಿಯಿಲ್ಲ ಎಂದು ವಾಪಸ್ ಬಂದ ಗಿರಾಕಿಯನ್ನು ನೋಡುವ ಮುಖ. “ಲೋಟನಾ? ಇಲ್ಲ. ನಿನಗೆ ಸೋಫಾ ಇಷ್ಟ ಆಯ್ತು.”

“ನನಗೆ ವಾಂತಿ ಬರೋ ಹಾಗಾಯ್ತು.”

“ಸುಳ್ಳು ಹೇಳ್ಬೇಡ. ನಾನು ನೋಡ್ದೆ. ಕಪ್ಪು ತೆಗೆದ್ರೆ ಬೆಳಕಿಗೆ ಕಣ್ಣಿನ ಪಾಪೆ ಚಿಕ್ಕದಾಗ್ಬೇಕು. ಆಯ್ತು. ಆಮೇಲೆ ಅದರ ಎದುರು ನಿಂತಾಗ ಅಗಲ ಆಯ್ತು. ಇಷ್ಟಗಲ. ಇಲ್ಲಿ ಬೆಳಕು ಎಲ್ಲ ಕಡೆ ಒಂದೇ ಸಮ ಇರುತ್ತೆ, ಸುಮ್ಮನೆ ಅಗಲ ಆಗಲ್ಲ. ಇಷ್ಟ ಆದದ್ದು ಕಂಡ್ರೇನೇ ಆಗೋದು.”

ಹೇಳಿ ಮುಗಿಸಿದ ಮೇಲೆ ತಾನು ಏನು ಹೇಳಿದೆ ಎಂದು ಅವನಿಗೇ ಹೊಳೆಯಿತು. ಕಾಫಿ ಲೋಟ ಎತ್ತಿ ಕುಡಿದ. ಬಿಸಿಯಾಗಿತ್ತು, ನುಂಗಿದ.

ಇಪ್ಪತ್ತು ವರ್ಷ ಪರೀಕ್ಷೆಯ ಕೋಣೆಗಳಲ್ಲಿ ಬೆಂಚುಗಳ ನಡುವೆ ಓಡಾಡಿದ ಹೆಂಗಸು ಅವಳು. ತೋಳಿನ ಒಳಗೆ ಬರೆದುಕೊಂಡವರು, ಸ್ಕೇಲಿನ ಹಿಂದೆ ಬರೆದುಕೊಂಡವರು, ಕೆಮ್ಮಿನಲ್ಲಿ ಉತ್ತರ ಕಳಿಸುವವರು, ಯಾರೂ ಅವಳಿಂದ ತಪ್ಪಿಸಿಕೊಂಡಿರಲಿಲ್ಲ. ಸಹೋದ್ಯೋಗಿಗಳು ಅವಳನ್ನು ‘ಗಿಡುಗ’ ಎನ್ನುತ್ತಿದ್ದರು. ಅವಳು ಮಾತನಾಡಿದಾಗ ಧ್ವನಿ ಏರಲಿಲ್ಲ. ಪರೀಕ್ಷೆಯ ಕೋಣೆಯಲ್ಲೂ ಏರುತ್ತಿರಲಿಲ್ಲ.

“ಎಷ್ಟು ವರ್ಷದಿಂದ?”

“ಏನು?”

“ಕಾಪಿ ಹೊಡೆಯೋದು.”

“ಕಾಪಿ ಅಂತೆಲ್ಲ ಯಾಕೆ ಅಂತೀಯ,” ಎಂದ. “ಮೊದಲ ವರ್ಷದಿಂದ್ಲೇ. ಆಗ ತಾನೇ ಕೆಲಸ ಕಲೀತಿದ್ದೆ ನಾನು, ಯಾರ ಕಣ್ಣು ನೋಡಿದ್ರೂ ಪಾಪೆನೇ ಕಾಣ್ತಿತ್ತು. ನೀನು ಅಷ್ಟು ಖುಷಿಪಟ್ಟೆ. ಆಮೇಲೆ ಹೇಗೆ ಬಿಡೋದು?”

“ಹೊಂದದೇ ಇದ್ದ ವರ್ಷಗಳು?”

“ಕೆಲವು ಬೇಕು ಅಂತಲೇ. ಪ್ರತಿ ಸಲ ಸರಿ ಬಂದ್ರೆ ನಿನಗೆ ಡೌಟು ಬರ್ತಿತ್ತು.”

ಜಾಣ ನಕಲುಗಾರ ಹಾಗೇ ಮಾಡುತ್ತಾನೆ. ಒಂದೆರಡು ತಪ್ಪು ಬರೆದು ಬರುತ್ತಾನೆ. ಅವಳಿಗೆ ಅವನ ಮೇಲೆ ಕಸುಬಿನ ಮೆಚ್ಚುಗೆಯಂಥದ್ದೇನೋ ಒಂದು ಗಳಿಗೆ ಬಂದು, ಹೋಯಿತು.

“ಕಳೆದ ಮೂರು ವರ್ಷ?”

ಅವನು ಮೇಜಿನ ಮೇಲೆ ಚೆಲ್ಲಿದ ಕಾಫಿಯನ್ನು ಅವಳ ಚೀಟಿಯಿಂದಲೇ ಒರೆಸಿದ. “ಈಚೆಗೆ ನಿನ್ನ ಪಾಪೆ ಯಾವುದಕ್ಕೂ ಅಗಲ ಆಗ್ತಾನೇ ಇರ್ಲಿಲ್ಲ. ಇಡೀ ಹಾಲು ಸುತ್ತಿದ್ರೂ ಇಲ್ಲ. ನಾನೇನು ಬರೀಲಿ? ಇವತ್ತು ಮೂರು ವರ್ಷ ಆದ್ಮೇಲೆ ಆಯ್ತು. ಎಷ್ಟು ಸಮಾಧಾನ ಆಯ್ತು ಗೊತ್ತಾ ನನಗೆ? ಸೋಫಾನೋ, ಎಂಥದ್ದೋ, ಸದ್ಯ ಏನೋ ಒಂದು ಅಂದ್ಕೊಂಡೆ.”

“ಮೈನಸ್ ಮೂರು,” ಎಂದಳು.

“ಹಾಂ?”

“ನನ್ನ ಪವರು. ನೀವೇ ಬರೆದುಕೊಟ್ಟಿರೋದು. ಕನ್ನಡಕ ತಲೆ ಮೇಲಿತ್ತು. ಅಷ್ಟು ದೂರಕ್ಕೆ ಅದು ಸೋಫಾನೋ ಎಮ್ಮೆನೋ ನನಗೆ ಕಾಣ್ತಿತ್ತಾ?”

ಅವನು ಅವಳ ಮೂಗಿನ ಮೇಲಿನ ಕಪ್ಪು ಕನ್ನಡಕ ನೋಡಿದ. ಮೂವತ್ತು ಸಾವಿರ ಕಣ್ಣು ಪರೀಕ್ಷಿಸಿದ ಮನುಷ್ಯ; ಇಂಥ ತಪ್ಪನ್ನು ಅಂಗಡಿಯ ಹೊಸ ಕೆಲಸದವಳು ಮಾಡಿದ್ದರೆ ವಾರವಿಡೀ ಆಡಿಕೊಳ್ಳುತ್ತಿದ್ದ. ನಾಚಿಕೆ ಮೊದಲು ಬಂದದ್ದು ಅದಕ್ಕೇ ಎಂದು ಅವಳಿಗೆ ಕಂಡಿತು.

ಅವಳಿಗೆ ಇನ್ನೊಂದು ಪ್ರಶ್ನೆಯಿತ್ತು. ಕೇಳದೆ ಇರಬಹುದಿತ್ತು. ಕೇಳದೆ ಇದ್ದಿದ್ದರೆ ಅದೊಂದನ್ನಾದರೂ ಹಳೆಯ ಹಾಗೆ ಉಳಿಸಿಕೊಳ್ಳಬಹುದಿತ್ತು. ಆದರೆ ಉತ್ತರಪತ್ರಿಕೆಯ ಕೊನೆಯ ಪುಟ ತಿರುಗಿಸದೆ ಅಂಕ ಹಾಕುವ ಅಭ್ಯಾಸ ಅವಳಿಗಿರಲಿಲ್ಲ.

“ಆರನೇ ವರ್ಷದ್ದು?”

“ಯಾವುದು?”

“ಮಗು ಹೋದ ವರ್ಷ.”

“ಇಪ್ಪತ್ತೇಳನೇ ಮಳಿಗೆ,” ಎಂದ ತಕ್ಷಣ. ಅವನಿಗೆ ಸಂಖ್ಯೆ ನೆನಪಿತ್ತು. “ಅದಕ್ಕೆ ಪಾಪೆ ನೋಡೋದೇ ಬೇಕಾಗಿರ್ಲಿಲ್ಲ. ನೀನು ಎರಡು ಸಲ ವಾಪಸ್ ಬಂದು ನಿಂತಿದ್ದೆ. ಸಣ್ಣದು, ಪೆನ್ಸಿಲ್‌ನಲ್ಲಿ.” ನೆನಪಿಸಿಕೊಳ್ಳಲು ಹುಬ್ಬು ಗಂಟಿಕ್ಕಿದ. “ಏನಿತ್ತು ಅದರಲ್ಲಿ? ಬಟ್ಟೆನಾ?”

ಹಿಂದಿನ ಮೇಜಿನಲ್ಲಿ ಯಾರೋ ಪಾರ್ಕಿಂಗ್ ಎಲ್ಲಿ ಮಾಡಿದ್ದೆವೆಂದು ಜಗಳವಾಡುತ್ತಿದ್ದರು.

“ನಾನು ಚಿತ್ರ ನೋಡೋಕೆ ಬರ್ತಾನೇ ಇರ್ಲಿಲ್ಲ ಕಣೇ,” ಎಂದ ಅವನು, ಮೆಲ್ಲಗೆ. “ನನಗೆ ಇವೆಲ್ಲ ತಿಳಿಯಲ್ಲ. ನಾನು ನಿನ್ನನ್ನ ನೋಡ್ತಿದ್ದೆ.”

ಬೇರೆ ಹೆಂಗಸರು ಇಂಥ ಒಂದು ಮಾತಿಗಾಗಿ ಆಯುಷ್ಯವೆಲ್ಲ ಕಾಯುತ್ತಾರೆ. ಅವನೂ ಅದನ್ನು ಮನಸಾರೆಯೇ ಹೇಳಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಕೊರೆದದ್ದು. ಸುಳ್ಳಾಗಿದ್ದರೆ ಕ್ಷಮಿಸಬಹುದಿತ್ತು.

“ನೋಡಿ?” ಎಂದಳು. “ಅಗಲ ಆಯ್ತು ಅಂತ ಬರ್ಕೊಂಡ್ರಿ. ಯಾಕೆ ಆಯ್ತು ಅಂತ ಒಂದ್ಸಲ ಕೇಳಿದ್ರಾ?”

“ಕೇಳಿದ್ರೆ ಆಟ ಕೆಟ್ಟೋಗ್ತಿತ್ತಲ್ಲ.”

“ಮನೇಲಿ ಕೇಳಬಹುದಿತ್ತು. ಮನೇಲಿ ಆಟ ಇರ್ಲಿಲ್ಲ.”

ಅವನು ಕಾಫಿಯಲ್ಲಿ ಒದ್ದೆಯಾದ ಅವಳ ಚೀಟಿಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದ.

ಅವಳು ಮೊಬೈಲು ತೆಗೆದು ಫೋಟೋ ತೆರೆದು ಅವನ ಮುಂದೆ ಇಟ್ಟಳು. “ಸೋಫಾ ಮುಂದೆ ನಿಂತಾಗ ನಾನು ನೋಡ್ತಿದ್ದದ್ದು ಇದನ್ನ.” ಶಾಲೆಯ ಹೆಸರು, ದೂರ, ಹುದ್ದೆ, ನಾಳೆ ಮಧ್ಯಾಹ್ನದ ಗಡುವು, ಎಲ್ಲವನ್ನೂ ಹೇಳಿದಳು. ಹೇಳಲು ಒಂದು ನಿಮಿಷವೂ ಬೇಕಾಗಲಿಲ್ಲ. ಎರಡು ವಾರ ಇದಕ್ಕೆ ತೂಕ ಎಲ್ಲಿಂದ ಬಂದಿತ್ತೋ.

ಅವನು ಫೋಟೋವನ್ನು ದೊಡ್ಡದು ಮಾಡಿ, ಅತ್ತಿತ್ತ ಸರಿಸಿ, ಮೂಲೆಮೂಲೆ ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಒಂದು ಚಿತ್ರವನ್ನು ಇಷ್ಟು ಗಮನವಿಟ್ಟು ನೋಡಿದ್ದು ಬಹುಶಃ ಇದೇ ಮೊದಲು.

“ಒಂದೇ ಕುರ್ಚಿ ಇದೆ,” ಎಂದ.

“ಹೌದು.”

“ಯಾವಾಗ ಬಂತು ಇದು?”

“ಎರಡು ವಾರ ಆಯ್ತು.”

“ಹೇಳ್ಲೇ ಇಲ್ಲ.”

“ನೀವು ನೋಡ್ತಿದ್ರಲ್ಲ,” ಎಂದಳು.

ಅವಳು ಮೊಬೈಲನ್ನು ವಾಪಸ್ ತೆಗೆದುಕೊಂಡು, ಕನ್ನಡಕ ತಲೆಗೇರಿಸಿ ಬರೆಯತೊಡಗಿದಳು. ಅವನು ಮೇಜಿನ ಮೇಲೆ ಮುಂದೆ ಬಾಗಿದ. “ನಾಳೆ ಮಧ್ಯಾಹ್ನದವರೆಗೆ ಟೈಮಿದೆ ಅಂದೆ.”

“ಇದೆ.”

“ಮತ್ತೆ ಈಗ್ಲೇ ಯಾಕೆ?”

“ನಿಮ್ಮ ಪ್ರಕಾರ ನನ್ನ ಕಣ್ಣು ಆಗಲೇ ಹೌದು ಅಂದಿದೆ. ನೀವೇ ಬರೆದುಕೊಟ್ಟಿದ್ದೀರಿ.” ಅವಳು ಒತ್ತಿದಳು. ಸಂದೇಶ ಹೋಯಿತು. ಅತ್ತ ಕಡೆಯ ಗುಮಾಸ್ತೆ ಭಾನುವಾರವೂ ಮೊಬೈಲು ಹಿಡಿದೇ ಕೂತಿದ್ದಳೋ ಏನೋ, ಕೂಡಲೇ ಮುಗಿದ ಎರಡು ಕೈಗಳ ಚಿತ್ರ ಬಂತು.

ತಟ್ಟೆ ಹಿಡಿದುಕೊಂಡ ಒಂದು ಹೊಸ ಜೋಡಿ ಆಗಿನಿಂದ ಅವರ ಮೇಜಿನ ಬಳಿ ಸುಳಿದಾಡುತ್ತಿತ್ತು. ಹುಡುಗಿ ಧೈರ್ಯ ಮಾಡಿ ಕೇಳಿದಳು: “ಆಂಟಿ, ನೀವು ಹೊರಟ್ರಾ?”

“ಹೊರಟೆ, ಬಾಮ್ಮ,” ಎಂದಳು ಅವಳು.

“ಇಲ್ಲ, ಇನ್ನೂ ಇದ್ದೀವಿ,” ಎಂದ ಅವನು, ಅದೇ ಉಸಿರಿಗೆ.

ಹುಡುಗಿ ಇಬ್ಬರನ್ನೂ ನೋಡಿದಳು. ಹೆಂಡತಿ ಕನ್ನಡಕ ಇಳಿಸಿ, ಎದ್ದು ಕೈಚೀಲ ಹೆಗಲಿಗೆ ಹಾಕಿಕೊಂಡಳು. ಹುಡುಗಿ ಸಂಕೋಚದಿಂದಲೇ ಖಾಲಿಯಾದ ಕುರ್ಚಿಯಲ್ಲಿ ಕೂತಳು. ಹುಡುಗ ತಟ್ಟೆ ಇಡಲು ಜಾಗ ಹುಡುಕುತ್ತ ಮೇಜಿನ ಪಕ್ಕ ನಿಂತ. ಕನ್ನಡಕದ ಅಂಗಡಿಯವನು ತನ್ನ ಲೋಟವನ್ನು ಅವರಿಗಾಗಿ ಒಂದು ಪಕ್ಕಕ್ಕೆ ಸರಿಸಿ, ಹೆಂಡತಿ ಬಾಗಿಲಿನ ಕಡೆ ನಡೆಯುವುದನ್ನು ನೋಡಿದ. ಹಿಂದಿನಿಂದ ನೋಡಿದರೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ.